ಆ ‘2’ ನಂಬಲಾ, ನಾನು ಕಣ್ಣಾರೆ ನೋಡಿದ್ದನ್ನು ನಂಬಲಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಹಾವೇರಿ ಜಿಲ್ಲೆಯವರು. ನಮ್ಮ ಮನೆಯವರದು ಬೀಜ-ಗೊಬ್ಬರದ ಅಂಗಡಿ. ಮಗನಿಗೆ 17 ವರ್ಷ, ಎರಡನೇ ಪಿಯುಸಿ ಸೈನ್ಸ್. ಒಂಬತ್ತು ತಿಂಗಳ ಹಿಂದೆ ಅವನಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಎ.ಎಲ್.ಎಲ್. ಅಂತಾರೆ. ಬೆಂಗಳೂರಿನಲ್ಲಿ ಚಿಕಿತ್ಸೆ. ಕಾಯಿಲೆ ಹಿಡಿತಕ್ಕೆ ಬಂದಿದೆ, ಈಗ ಅದು ಮರಳದ ಹಾಗೆ ಮೇಂಟೆನೆನ್ಸ್ ಮಾತ್ರೆ ಶುರು ಅಂದಿದ್ದಾರೆ. ಹೋದ ತಿಂಗಳು ಡೇ ಕೇರ್‌ನಲ್ಲಿ ಸಿಸ್ಟರ್ ಒಂದು ಕಾಗದ ಕೊಟ್ಟರು. ಅದರಲ್ಲಿ ಥರ್ಮಾಮೀಟರ್ ಚಿತ್ರ, ಸೊನ್ನೆಯಿಂದ ಹತ್ತರವರೆಗೆ ಅಂಕಿ. ಈ ವಾರ ಎಷ್ಟು ಸಂಕಟ ಆಗಿದೆ, ಗುರುತು ಹಾಕು ಅಂದರು. ಮಗ ನನ್ನ ಪಕ್ಕದಲ್ಲೇ ಕೂತು 2 ಹಾಕಿದ. ‘ಗುಡ್’ ಅಂತ ಸಿಸ್ಟರ್ ಕಾಗದ ಫೈಲಿಗೆ ಹಾಕಿದರು. ಆದರೆ ಮನೆಯಲ್ಲಿ ಅವನು ಹಾಗಿಲ್ಲ. ರಾತ್ರಿ ಮೂರರವರೆಗೆ ಮೊಬೈಲ್. ಗೆಳೆಯರ ಫೋನ್ ಎತ್ತಲ್ಲ. ಬೀರುವಿನ ಕನ್ನಡಿಗೆ ಟವೆಲ್ ಹಾಕಿದ್ದಾನೆ. ಹೋದ ವಾರ ಮಾತ್ರೆ ಡಬ್ಬಿಯಲ್ಲಿ ನಾಲ್ಕು ಮಾತ್ರೆ ಹಾಗೇ ಇದ್ದವು. ಮೊನ್ನೆ ಊಟಕ್ಕೆ ಕರೆದರೆ ‘ನಾನು ಇಲ್ಲದಿದ್ದರೆ ನಿಮಗೆ ಖರ್ಚಾದರೂ ಉಳೀತಿತ್ತು’ ಅಂದ. ನಮ್ಮ ಮನೆಯವರು ‘ವಯಸ್ಸಿನ ಹುಡುಗ, ಸುಮ್ನೆ ಬಿಡು’ ಅಂತಾರೆ. ನಮ್ಮಣ್ಣ ‘ಮನಸ್ಸಿನ ಡಾಕ್ಟರ ಹತ್ರ ಕರ್ಕೊಂಡು ಹೋದರೆ ಹುಚ್ಚ ಅನ್ನೋ ಹೆಸರು ಬರುತ್ತೆ’ ಅಂತಾನೆ. ಸಾಯೋ ಯೋಚನೆ ಬಂದಿದೆಯಾ ಅಂತ ಬಾಯಿಬಿಟ್ಟು ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದ ಹಾಗಾಗುತ್ತಾ? ಆ 2 ನಂಬಲಾ, ನಾನು ಕಣ್ಣಾರೆ ನೋಡಿದ್ದನ್ನು ನಂಬಲಾ?

ಉತ್ತರ: ಕಣ್ಣಾರೆ ನೋಡಿದ್ದನ್ನು ನಂಬಿ, ತಾಯಿ. ಕ್ಯಾನ್ಸರ್ ಬಂದ ಹದಿಹರೆಯದವರ ಮನಸ್ಸಿನ ಕಷ್ಟ ನೋಡುವುದೇ ನನ್ನ ಕೆಲಸ. ಕಾಗದದ ಅಂಕಿ ಒಂದು ಹೇಳಿ, ಮನೆಯಲ್ಲಿ ತಾಯಿ ನೋಡಿದ್ದು ಇನ್ನೊಂದು ಆದಾಗ ನಾನು ಕಾಗದವನ್ನೇ ಇನ್ನೊಮ್ಮೆ ಕೊಡುತ್ತೇನೆ.

ನಿಮ್ಮ ಪತ್ರದಲ್ಲಿ ಬಹಳ ವಿಷಯಗಳಿವೆ. ಒಂದನ್ನು ಮಾತ್ರ ಮುಂದಿನ ಫಾಲೋಅಪ್‌ವರೆಗೆ ಬಿಡುವ ಹಾಗಿಲ್ಲ. ಖರ್ಚಿನ ಬಗ್ಗೆ ಅವನು ಆಡಿದ ಮಾತು. ಅದು ಬರೀ ಸಿಟ್ಟಿನ ಮಾತಾಗಿರಬಹುದು. ಮನೆಯವರಿಗೆ ಹೊರೆ ಆಗಿದ್ದೇನೆ ಅನ್ನುವ ನೋವು ಇರಬಹುದು. ಸಾಯುವ ಯೋಚನೆಯೂ ಇರಬಹುದು. ಹೊರಗೆ ನಿಂತು ಯಾರೂ ಇದನ್ನು ಊಹಿಸಿ ಹೇಳಲಾಗದು, ನಾನೂ ಹೇಳಲಾರೆ. ತಿಳಿಯುವ ದಾರಿ ಒಂದೇ, ಕೇಳುವುದು. ಈ ಪತ್ರ ಓದಿದ ದಿನವೇ ಕೇಳಿ.

ಕೇಳಿದರೆ ಯೋಚನೆ ತುಂಬಿದ ಹಾಗಾಗುತ್ತಾ ಅಂದಿರಿ. ಆಗುವುದಿಲ್ಲ. ಈ ಭಯ ತಾಯಂದಿರಿಗೆ ಮಾತ್ರವಲ್ಲ, ಡಾಕ್ಟರುಗಳಿಗೂ ಇತ್ತು. ಅದಕ್ಕೇ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2,300ಕ್ಕೂ ಜಾಸ್ತಿ ಹೈಸ್ಕೂಲ್ ಮಕ್ಕಳ ಜೊತೆ ಇದನ್ನು ಪರೀಕ್ಷೆ ಮಾಡಿ ನೋಡಿದರು. 2005ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಅರ್ಧ ಮಕ್ಕಳಿಗೆ ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಿದರು, ಉಳಿದವರಿಗೆ ಕೇಳಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ, ಕೇಳಿಸಿಕೊಂಡವರಿಗೆ ಸಂಕಟವೂ ಹೆಚ್ಚಿರಲಿಲ್ಲ, ಅಂಥ ಯೋಚನೆಯೂ ಹೆಚ್ಚಿರಲಿಲ್ಲ. ಮೊದಲೇ ಖಿನ್ನತೆ ಇದ್ದ ಮಕ್ಕಳಿಗಂತೂ, ಯಾರೋ ಕೇಳಿದರು ಅನ್ನುವುದರಿಂದಲೇ ಸ್ವಲ್ಪ ಹಗುರವಾಗಿತ್ತು. ನನ್ನ ಅನುಭವವೂ ಇದೇ. ನಾನು ಈ ಪ್ರಶ್ನೆ ಕೇಳಿದಾಗ ಹೆದರಿ ಓಡಿದ ಹುಡುಗನನ್ನು ಇವತ್ತಿನವರೆಗೆ ನೋಡಿಲ್ಲ. ‘ಅಂತೂ ಕೇಳಿದಿರಲ್ಲ’ ಅನ್ನುವ ಹಾಗೆ ಉಸಿರು ಬಿಟ್ಟವರು ಬಹಳ.

ಹೇಗೆ ಕೇಳುವುದು? ಎದುರು ಕೂರಿಸಿಕೊಂಡು ಬೇಡ. ಈ ವಯಸ್ಸಿನ ಹುಡುಗರು ಮುಖಕ್ಕೆ ಮುಖ ಕೊಟ್ಟು ಮನಸ್ಸು ಬಿಚ್ಚುವುದು ಕಡಿಮೆ. ಬಸ್ಸಿನಲ್ಲಿ ಪಕ್ಕ ಕೂತಾಗ, ಅವನ ಕಾಲಿಗೆ ಎಣ್ಣೆ ತಿಕ್ಕುವಾಗ, ರಾತ್ರಿ ಲೈಟ್ ಆರಿಸಿದ ಮೇಲೆ ಕೇಳಿ. ಪುಸ್ತಕದ ಮಾತು ಬೇಡ, ನಿಮ್ಮ ಕಡೆಯ ಮಾತಿನಲ್ಲೇ ಕೇಳಿ. ‘ತಮ್ಮಾ, ಮೊನ್ನೆ ಖರ್ಚಿನ ಮಾತು ಆಡಿದೆಲ್ಲ, ಅದು ನನ್ನ ತಲ್ಯಾಗ ಉಳದೈತಿ. ಜೀವಾನ ಬ್ಯಾಡ ಅನಸೈತೇನು? ಸಾಯಬೇಕು ಅಂತ ಅನಸಿತ್ತೇನು?’ ಇಷ್ಟು ಕೇಳಿ ಸುಮ್ಮನಿರಿ. ಅವನು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ‘ಹಾಗೆಲ್ಲ ಯೋಚಿಸಬಾರದು’, ‘ನಾವು ನಿನಗಾಗಿ ಎಷ್ಟು ಕಷ್ಟಪಡ್ತಿದೀವಿ ಗೊತ್ತಾ’ ಅನ್ನುವ ಮಾತು ಮಾತ್ರ ಬೇಡ. ಹಾಗಂದರೆ ಮುಂದಿನ ಸಲ ಅವನು ಬಾಯೇ ಬಿಡುವುದಿಲ್ಲ.

‘ಹೌದು’ ಅಂದರೆ ಒಬ್ಬನನ್ನೇ ಬಿಡಬೇಡಿ. ಹೇಗೆ, ಯಾವಾಗ ಅಂತ ಏನಾದರೂ ಯೋಚನೆ ಮಾಡಿಟ್ಟಿದ್ದಾನಾ, ಕೇಳಿ. ಮಾಡಿಟ್ಟಿದ್ದರೆ ಅವತ್ತೇ ಹತ್ತಿರದ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಂಗಳೂರಿನ ತನಕ ಕಾಯಬೇಡಿ. ಯೋಚನೆ ಮಾತ್ರ ಇದೆ ಅಂದರೂ ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಮರುದಿನವೇ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದರ ಬೆನ್ನಿಗೆ ನಮ್ಮ ನಿಮ್ಹಾನ್ಸ್ ಇದೆ. ಮಗನೇ ಮಾಡಬಹುದು, ನೀವೂ ಮಾಡಬಹುದು.

ಅವನು ಏನೇ ಹೇಳಲಿ, ಒಂದು ಕೆಲಸವನ್ನು ಇವತ್ತೇ ಮಾಡಿ. ನಿಮ್ಮದು ಬೀಜ-ಗೊಬ್ಬರದ ಅಂಗಡಿ ಅಂದಿರಿ. ಕೀಟನಾಶಕದ ಡಬ್ಬಿ ಒಂದೂ ಮನೆಯಲ್ಲಿ ಇರಬಾರದು. ಗೋದಾಮಿಗೆ ಬೀಗ ಹಾಕಿ, ಕೀಲಿ ಯಜಮಾನರ ಜೇಬಿನಲ್ಲಿರಲಿ. ಅವನ ಮಾತ್ರೆಗಳೂ ನಿಮ್ಮ ಕೈಯಲ್ಲೇ ಇರಲಿ. ವಾರಕ್ಕೆ ಬೇಕಾದಷ್ಟು ಮಾತ್ರ ಹೊರಗೆ, ಉಳಿದದ್ದು ಬೀಗದೊಳಗೆ. ಅವನ ಮೇಲೆ ಅನುಮಾನ ಅಂತಲ್ಲ ಇದು. ಇಂಥ ಯೋಚನೆ ಅಲೆಯ ಹಾಗೆ ಬಂದು ಹೋಗುತ್ತದೆ. ಅಲೆ ಬಂದ ಆ ಸ್ವಲ್ಪ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಈಗ ಆ ಕಾಗದಕ್ಕೆ ಬರುತ್ತೇನೆ.

ಅದು ಶುರುವಾದದ್ದು ಅಮೆರಿಕದಲ್ಲಿ, 1990ರ ದಶಕದಲ್ಲಿ. ನ್ಯೂಯಾರ್ಕಿನ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಅವರೂ ಅವರ ಜೊತೆಗಾರರೂ ಕ್ಯಾನ್ಸರ್ ರೋಗಿಗಳ ಮನಸ್ಸಿನ ಪಾಡು ತಿಳಿಯಲು ಸುಲಭದ ದಾರಿ ಹುಡುಕುತ್ತಿದ್ದರು. ‘ಖಿನ್ನತೆ ಇದೆಯಾ’, ‘ಮಾನಸಿಕ ಕಾಯಿಲೆ ಇದೆಯಾ’ ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಿದ್ದರು. ಅದಕ್ಕೆ ಯಾರಿಗೂ ನಾಚಿಕೆ ಆಗದ ಪದ ಆರಿಸಿದರು, ‘ಡಿಸ್ಟ್ರೆಸ್’. ಜ್ವರದ ಥರ್ಮಾಮೀಟರ್ ಚಿತ್ರ ಬರೆದು ಸೊನ್ನೆಯಿಂದ ಹತ್ತರವರೆಗೆ ಅಂಕಿ ಕೊಟ್ಟರು. 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಯಾರಾದರೂ ಕೂತು ಮಾತಾಡಿಸಬೇಕು ಅನ್ನುವುದು ಲೆಕ್ಕ. ಪಕ್ಕದಲ್ಲಿ ಕಾರಣಗಳ ಪಟ್ಟಿ ಇರುತ್ತದೆ. ದುಡ್ಡು, ಮನೆಯವರು, ನಿದ್ದೆ, ನೋವು, ಭಯ ಹೀಗೆ. ಒಳ್ಳೆಯ ಉಪಾಯ. ನಾಡಿ, ಉಸಿರು, ಜ್ವರ, ಬಿ.ಪಿ. ನೋಡುವ ಹಾಗೆ ಇದನ್ನೂ ಪ್ರತಿ ಸಲ ನೋಡಬೇಕು ಅಂತ ಈಗ ಜಗತ್ತಿನ ಎಷ್ಟೋ ಆಸ್ಪತ್ರೆಗಳು ಒಪ್ಪಿವೆ.

ಆದರೆ ಅದನ್ನು ಮೊದಲು ಪರೀಕ್ಷೆ ಮಾಡಿದ್ದು ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ ಗಂಡಸರ ಮೇಲೆ. ವಯಸ್ಸಾದವರಿಗೆ ಮಾಡಿದ ಅಳತೆ 17ರ ಹುಡುಗನಿಗೆ ಹಾಗೇ ಹೊಂದುವುದಿಲ್ಲ. ಅವನ ಕಷ್ಟ ಬೇರೆ. ಓದು ನಿಂತಿದೆ, ಗೆಳೆಯರು ಮುಂದೆ ಹೋಗಿದ್ದಾರೆ, ಮುಖ ಬದಲಾಗಿದೆ. ಆಸ್ಟ್ರೇಲಿಯಾದಲ್ಲಿ ಕ್ಯಾನ್ಸರ್ ಬಂದ ಎಳೆಯರಿಗಾಗಿಯೇ ಇರುವ ಕ್ಯಾಂಟೀನ್ ಎಂಬ ಸಂಸ್ಥೆ ಅವರಿಗಂತಲೇ ಬೇರೆ ಕಾಗದ ಮಾಡಿದೆ. ಅದರಲ್ಲಿ ಕಾಲೇಜು, ಗೆಳೆಯರು, ಮೈಯ ರೂಪ, ಮುಂದೆ ಮಕ್ಕಳಾಗುತ್ತಾ ಅನ್ನುವ ಚಿಂತೆ ಎಲ್ಲ ಇವೆ. ಬರೀ ಥರ್ಮಾಮೀಟರ್ ಅಂಕಿಯನ್ನೇ ನೆಚ್ಚಿಕೊಂಡರೆ ಎಳೆಯರಲ್ಲಿ ಹಲವರ ಸಂಕಟ ಕೈತಪ್ಪುತ್ತದೆ ಅಂತ ಅಧ್ಯಯನಗಳೂ ತೋರಿಸಿವೆ.

ಇನ್ನೊಂದು ತೊಡಕು ನಮ್ಮ ಭಾಷೆಯದು. ಡಿಸ್ಟ್ರೆಸ್ ಅನ್ನುವುದಕ್ಕೆ ಕನ್ನಡದಲ್ಲಿ ‘ಸಂಕಟ’ ಅಂತ ಬರೆದಿರುತ್ತಾರೆ. ಒಳ್ಳೆಯ ಪದವೇ. ಆದರೆ ಕೀಮೋ ಆದ ರೋಗಿಗೆ ಸಂಕಟ ಅಂದರೆ ಮೊದಲು ನೆನಪಾಗುವುದು ಹೊಟ್ಟೆ ತೊಳಸುವುದು. ‘ಎಷ್ಟಪ್ಪಾ ಸಂಕಟ’ ಅಂದರೆ ‘ಈ ಸಲ ವಾಂತಿ ಆಗಿಲ್ಲ ಮೇಡಂ, ಒಂದು ಹಾಕಿ’ ಅಂದವರನ್ನು ನಾನು ನೋಡಿದ್ದೇನೆ. ನಿಮ್ಮ ಕಡೆಯವರಿಗೆ ‘ಆರಾಮ ಇದೀಯಾ’ ಅಂದರೂ ಹಾಗೇ. ಅದು ನಮಸ್ಕಾರದ ಹಾಗೆ, ‘ಆರಾಮ’ ಅಂತ ಉತ್ತರ ತಾನಾಗಿ ಬಂದುಬಿಡುತ್ತದೆ. ಅದಕ್ಕೆ ನಾನು ಈಗ ಬಿಡಿಸಿ ಕೇಳುತ್ತೇನೆ. ‘ಹೊಟ್ಟೆಯ ಮಾತು ಬಿಡು. ಮನಸ್ಸಿನ ಒಳಗೆ ಭಾರ ಎಷ್ಟಿದೆ? ಈ ವಾರದಲ್ಲಿ ಯಾವ ದಿನ ಜಾಸ್ತಿ ಇತ್ತು? ಆ ದಿನದ ಅಂಕಿ ಹೇಳು.’ ಎರಡು ಅಂದಿದ್ದವರು ಇದಕ್ಕೆ ಎಂಟು ಅನ್ನುವುದಿದೆ.

ಇವೆಲ್ಲಕ್ಕಿಂತ ದೊಡ್ಡ ಕಾರಣ ನಿಮ್ಮ ಪತ್ರದಲ್ಲೇ ಇದೆ. ‘ನನ್ನ ಪಕ್ಕದಲ್ಲೇ ಕೂತು 2 ಹಾಕಿದ’ ಅಂದಿರಿ. ಅಮ್ಮ ನೋಡುತ್ತಿರುವಾಗ ಮಗ ಹಾಕಿದ ಅಂಕಿ ಅಮ್ಮನಿಗೆ ಹೇಳಿದ ಮಾತು. ‘ನೀನು ಅಳಬೇಡ, ನಾನು ಚೆನ್ನಾಗಿದ್ದೇನೆ’ ಅಂತ ಅವನು ನಿಮಗೆ ಹೇಳಿದ್ದಾನೆ. ಅದನ್ನು ಸುಳ್ಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಒಂಬತ್ತು ತಿಂಗಳಿಂದ ನೀವು ಅವನ ಎದುರು ನಗುತ್ತಿದ್ದೀರಿ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೀರಿ ಅಲ್ವಾ? ಅವನಿಗೂ ಗೊತ್ತು. ನೀವು ಅವನಿಗಾಗಿ ಮಾಡುತ್ತಿರುವುದನ್ನೇ ಅವನು ನಿಮಗಾಗಿ ಮಾಡುತ್ತಿದ್ದಾನೆ.

ಈ ತಪ್ಪು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೊಣಕಾಲ ಹತ್ತಿರ ಮೂಳೆ ಕ್ಯಾನ್ಸರ್ ಆದ 19ರ ಹುಡುಗಿಯೊಬ್ಬಳಿಗೆ ಅವಳ ಅಪ್ಪನ ಎದುರೇ ಪ್ರಶ್ನೆಗಳನ್ನು ಕೇಳಿದೆ. ವಾರ್ಡ್ ತುಂಬಿತ್ತು, ಬೇರೆ ಜಾಗ ಇರಲಿಲ್ಲ. ಎಲ್ಲಕ್ಕೂ ‘ಇಲ್ಲ’ ಅಂದಳು. ನಾನು ಸೊನ್ನೆ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದೆ. ಮೂರು ವಾರದ ಮೇಲೆ ಅವಳು ಚಿಕಿತ್ಸೆ ಬೇಡ ಅಂತ ಊರಿಗೆ ಹೋಗಿಬಿಟ್ಟಳು. ಫೋನ್ ಮಾಡಿ ಕರೆಸಿ, ಈ ಸಲ ಒಬ್ಬಳನ್ನೇ ಕೂರಿಸಿ ಮಾತಾಡಿದಾಗ ಗೊತ್ತಾಯಿತು. ಕಾಲು ತೆಗೆದುಬಿಡುತ್ತಾರೆ ಅಂತ ಅವಳಿಗೆ ಯಾರೋ ಹೇಳಿದ್ದರು. ಕಾಲು ಉಳಿಸುವ ಆಪರೇಷನ್ ಮಾಡುವುದು ಅಂತ ನಿರ್ಧಾರ ಆಗಿತ್ತು, ಅವಳಿಗೆ ಹೇಳಿದವರೇ ಇರಲಿಲ್ಲ. ಆಮೇಲೆ ಚಿಕಿತ್ಸೆ ಮುಗಿಸಿದಳು. ಅವತ್ತಿನಿಂದ ಎಷ್ಟೇ ಗದ್ದಲವಿರಲಿ, ಹದಿಹರೆಯದವರಿಗೆ ಕಾಗದ ಕೊಡುವಾಗ ಮನೆಯವರನ್ನು ಹತ್ತು ನಿಮಿಷ ಹೊರಗೆ ಕಳಿಸುತ್ತೇನೆ. ಜಾಗ ಇಲ್ಲದಿದ್ದರೆ ಕಾರಿಡಾರಿನ ಕೊನೆಯ ಕುರ್ಚಿಯಾದರೂ ಸರಿ.

‘ವಯಸ್ಸಿನ ಹುಡುಗ, ಸುಮ್ನೆ ಬಿಡು’ ಅನ್ನುವ ನಿಮ್ಮ ಯಜಮಾನರ ಮಾತಿಗೆ ಬರೋಣ. ಅದರಲ್ಲಿ ಅರ್ಧ ನಿಜವಿದೆ. ಹದಿನೇಳರಲ್ಲಿ ಮಕ್ಕಳು ಬಾಗಿಲು ಹಾಕಿಕೊಳ್ಳುತ್ತಾರೆ, ಸಿಡುಕುತ್ತಾರೆ, ರಾತ್ರಿ ಮೊಬೈಲ್ ನೋಡುತ್ತಾರೆ. ಕ್ಯಾನ್ಸರ್ ಬಂತು ಅಂತ ಆ ವಯಸ್ಸು ನಿಲ್ಲುವುದಿಲ್ಲ. ಇಂಥ ಕಾಯಿಲೆ ಬಂದಾಗ ಬೇಜಾರಾಗುವುದೂ ಸಹಜ. ಬೇಜಾರಾದವರಿಗೆಲ್ಲ ಖಿನ್ನತೆ ಅಂತ ಹೆಸರಿಡುವುದು ನನಗೂ ಇಷ್ಟವಿಲ್ಲ.

ಮನಸ್ಸು ಅನ್ನುವ ಮೊದಲು ಮೈಯನ್ನೂ ನೋಡಬೇಕು. ಎ.ಎಲ್.ಎಲ್. ಚಿಕಿತ್ಸೆಯಲ್ಲಿ ಸ್ಟಿರಾಯ್ಡ್ ಕೊಡುತ್ತಾರೆ. ಮೇಂಟೆನೆನ್ಸ್‌ನಲ್ಲೂ ಕೆಲವು ಆಸ್ಪತ್ರೆಗಳಲ್ಲಿ ತಿಂಗಳಿಗೆ ಐದು ದಿನ ಇರುತ್ತದೆ. ಸ್ಟಿರಾಯ್ಡ್ ನಿದ್ದೆ ಕೆಡಿಸುತ್ತದೆ, ಸಿಟ್ಟು ಬರಿಸುತ್ತದೆ, ಅಳು ತರಿಸುತ್ತದೆ. ನಿಲ್ಲಿಸಿದ ಮೇಲೆ ಕೆಲವು ದಿನ ಮೈಯಲ್ಲಿ ಜೀವವೇ ಇಲ್ಲದ ಹಾಗೆ ಮಾಡುತ್ತದೆ. ಮುಖ ಊದಿಸುತ್ತದೆ, ಬಹುಶಃ ಕನ್ನಡಿಯ ಮೇಲಿನ ಟವೆಲ್ಲಿಗೆ ಅದೂ ಒಂದು ಕಾರಣ. ರಕ್ತ ಕಡಿಮೆ ಇದ್ದರೆ, ಥೈರಾಯ್ಡ್ ಏರುಪೇರಾದರೆ, ವಿನ್‌ಕ್ರಿಸ್ಟಿನ್ ಅನ್ನುವ ಕೀಮೋ ಔಷಧಿಯಿಂದ ಕಾಲು ಜುಮ್ಮೆನ್ನುತ್ತಿದ್ದರೆ ಕೂಡ ಹುಡುಗ ಮಂಕಾಗುತ್ತಾನೆ. ಗೋಡೆಯ ಕ್ಯಾಲೆಂಡರಿನಲ್ಲಿ ಸ್ಟಿರಾಯ್ಡ್ ದಿನಗಳಿಗೆ ಒಂದು ಗೆರೆ ಎಳೆಯಿರಿ. ಅವನು ತುಂಬಾ ಮಂಕಾಗಿದ್ದ ದಿನಕ್ಕೆ ಒಂದು ಚುಕ್ಕೆ ಇಡಿ. ಚುಕ್ಕೆಗಳೆಲ್ಲ ಗೆರೆಯ ಆಸುಪಾಸಿನಲ್ಲೇ ಇದ್ದರೆ ಸ್ಟಿರಾಯ್ಡಿನ ಪಾಲು ಜಾಸ್ತಿ ಅಂತ ಅರ್ಥ. ಎರಡು ವಾರ ಬಿಡದೆ ಚುಕ್ಕೆ ಬಿದ್ದರೆ ಬೇರೆ ಅರ್ಥ. ಆ ಕ್ಯಾಲೆಂಡರಿನ ಫೋಟೋ ಡಾಕ್ಟರಿಗೆ ತೋರಿಸಿ. ನಮಗೆ ಅದು ತುಂಬಾ ಉಪಯೋಗಕ್ಕೆ ಬರುತ್ತದೆ.

ಇನ್ನು ಮನಸ್ಸು. ಈ ವಯಸ್ಸಿನವರಿಗೆ ಕ್ಯಾನ್ಸರ್ ಯಾಕೆ ಇಷ್ಟು ಭಾರ ಅಂದರೆ, ಮನೆಯಿಂದ ಒಂದು ಹೆಜ್ಜೆ ಹೊರಗೆ ಇಡುವ ಹೊತ್ತಿಗೇ ಅದು ಮತ್ತೆ ಅಮ್ಮನ ಮಡಿಲಿಗೆ ತಂದು ಕೂರಿಸುತ್ತದೆ. ಬೈಕ್ ಕಲಿಯಬೇಕಾದವನಿಗೆ ಅಮ್ಮ ಸ್ನಾನ ಮಾಡಿಸುತ್ತಾಳೆ. ಜೊತೆಯವರ ಸ್ಟೇಟಸ್‌ನಲ್ಲಿ ಸಿಇಟಿ, ನೀಟ್ ಮಾತು. ಇವನ ಫೋನಿನಲ್ಲಿ ಬ್ಲಡ್ ರಿಪೋರ್ಟು. ಗೆಳೆಯರ ಕರೆ ಎತ್ತದಿರುವುದು ಗೆಳೆಯರು ಬೇಡ ಅಂತಲ್ಲ. ‘ಹೇಗಿದೀಯಾ’ ಅಂದರೆ ಏನು ಹೇಳಬೇಕು ಅಂತ ಗೊತ್ತಾಗುವುದಿಲ್ಲ, ಅಷ್ಟೇ. ರಾತ್ರಿ ಮೂರರವರೆಗೆ ಮೊಬೈಲ್ ಯಾಕೆ ಅಂತ ಇಂಥ ಹುಡುಗನೊಬ್ಬನನ್ನು ಕೇಳಿದ್ದೆ. ‘ಆ ಹೊತ್ತಲ್ಲಿ ಯಾರೂ ನನ್ನ ಮುಖ ನೋಡ್ತಾ ಇರಲ್ಲ ಮೇಡಂ’ ಅಂದ. ಮನೆಯವರನ್ನು ಹೊರಗೆ ಕಳಿಸಿದ ಮೇಲೆ ಹುಡುಗರು ಮೊದಲು ಕೇಳುವುದು ಎರಡೇ ಪ್ರಶ್ನೆ. ಕಾಯಿಲೆ ವಾಪಸ್ ಬರುತ್ತಾ? ಮುಂದೆ ನನಗೆ ಮದುವೆ, ಮಕ್ಕಳು ಆಗುತ್ತಾ? ಎರಡನೆಯದನ್ನು ಅಮ್ಮನ ಎದುರು ಯಾವ ಹುಡುಗ ಕೇಳುತ್ತಾನೆ ಹೇಳಿ. ಅದಕ್ಕೆ ಉತ್ತರ ಇದೆ, ಮುಂದೆ ಪರೀಕ್ಷೆ ಮಾಡಿ ನೋಡುವ ದಾರಿಯೂ ಇದೆ. ಆದರೆ ಕೇಳಲು ಅವನಿಗೆ ಒಬ್ಬರು ಬೇಕು.

ಖರ್ಚಿನ ವಿಷಯವನ್ನು ಅವನಿಂದ ಮುಚ್ಚಿಟ್ಟಿದ್ದೀರಿ ಅಂದುಕೊಂಡಿದ್ದರೆ, ಮುಚ್ಚಿಲ್ಲ. ಪಕ್ಕದ ಕೋಣೆಯಲ್ಲಿ ನೀವು ಸಾಲದ ಬಗ್ಗೆ ಮಾತಾಡಿದ್ದು ಅವನಿಗೆ ಕೇಳಿಸಿರುತ್ತದೆ. ಅರ್ಧ ಕೇಳಿದ್ದನ್ನು ಅವನು ದುಪ್ಪಟ್ಟು ಮಾಡಿಕೊಂಡಿರುತ್ತಾನೆ. ಒಂದು ದಿನ ಅಪ್ಪನೇ ಕೂತು ಲೆಕ್ಕ ಹೇಳಲಿ. ಇಷ್ಟು ಸರ್ಕಾರದ ಯೋಜನೆಯಿಂದ ಬಂತು, ಇಷ್ಟು ನಾವು ಹಾಕಿದ್ದೇವೆ, ಇಷ್ಟು ಸಾಲ, ಹೀಗೆ ತೀರಿಸುತ್ತೇವೆ ಅಂತ. ನಿಜವಾದ ಅಂಕಿ ಕೇಳಿದರೆ ಹುಡುಗರು ನಾವು ಅಂದುಕೊಂಡಷ್ಟು ಕುಸಿಯುವುದಿಲ್ಲ.

ಆ ನಾಲ್ಕು ಮಾತ್ರೆಗಳ ಬಗ್ಗೆ ನನಗೆ ನಿಜಕ್ಕೂ ಕಳವಳವಿದೆ. ಮೇಂಟೆನೆನ್ಸ್ ಅಂದರೆ ಸಣ್ಣ ಮಾತ್ರೆ, ಒಂದೆರಡು ತಪ್ಪಿದರೆ ಏನಾಯಿತು ಅನ್ನಿಸುತ್ತದೆ. ಹಾಗಲ್ಲ. ಮೇಂಟೆನೆನ್ಸ್‌ನಲ್ಲಿ ಕೊಡುವ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆಯನ್ನು ನೂರಕ್ಕೆ 95ಕ್ಕಿಂತ ಕಡಿಮೆ ಸಲ ತೆಗೆದುಕೊಂಡ ಮಕ್ಕಳಲ್ಲಿ ಕಾಯಿಲೆ ಮರಳುವ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ ಅಂತ ಅಮೆರಿಕದ ಅಧ್ಯಯನ ತೋರಿಸಿದೆ. ಮಾತ್ರೆ ತಪ್ಪಿಸುವುದು ಹದಿಹರೆಯದವರಲ್ಲೇ ಜಾಸ್ತಿ. ಇನ್ನೊಂದು ಅಪಾಯವಿದೆ. ರಕ್ತದ ಕೌಂಟ್, ಅಂದರೆ ರಕ್ತಕಣಗಳ ಎಣಿಕೆ ನೋಡಿ ಡಾಕ್ಟರು ಡೋಸ್ ಹೆಚ್ಚು ಕಡಿಮೆ ಮಾಡುತ್ತಾರೆ. ಹುಡುಗ ಮಾತ್ರೆ ಬಿಟ್ಟಿದ್ದರೆ ಕೌಂಟ್ ಏರುತ್ತದೆ. ವಿಷಯ ಗೊತ್ತಿಲ್ಲದ ಡಾಕ್ಟರು ಡೋಸ್ ಏರಿಸುತ್ತಾರೆ. ಆಮೇಲೆ ಎಲ್ಲ ಮಾತ್ರೆ ಸರಿಯಾಗಿ ತೆಗೆದುಕೊಂಡ ವಾರ ಕೌಂಟ್ ಕುಸಿದು ಜ್ವರ ಬರುತ್ತದೆ. ಅದಕ್ಕೆ ಬೈಯದೆ, ಮುಚ್ಚಿಡದೆ, ನಾಲ್ಕು ತಪ್ಪಿದೆ ಅಂತ ಡಾಕ್ಟರಿಗೆ ಹೇಳಿ. ತಪ್ಪಿದ ಮಾತ್ರೆ ಸೇರಿಸಿ ಒಟ್ಟಿಗೆ ಕೊಡಬೇಡಿ. ಯಾಕೆ ಬಿಟ್ಟ ಅನ್ನುವುದನ್ನು ಅವನೇ ಹೇಳಲಿ. ವಾಕರಿಕೆ ಇರಬಹುದು, ಮರೆವಿರಬಹುದು, ಸಾಕಾಗಿರಬಹುದು. ಒಂದೊಂದಕ್ಕೂ ಪರಿಹಾರ ಬೇರೆ.

ಈಗ ಮುಂದೇನು ಅನ್ನುವುದು. ಮೊದಲು ಆ ಕಾಗದವನ್ನು ಸರಿಯಾಗಿ ಇನ್ನೊಮ್ಮೆ ತುಂಬಿಸಬೇಕು. 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಖಿನ್ನತೆ ಅಂತ ಅರ್ಥವಲ್ಲ. ಜ್ವರ 101 ಅಂದರೆ ಮಲೇರಿಯಾನಾ ಟೈಫಾಯ್ಡಾ ಅಂತ ಥರ್ಮಾಮೀಟರ್ ಹೇಳುತ್ತದಾ? ಇಲ್ಲ ಅಲ್ವಾ. ಇದೂ ಹಾಗೇ. ಆಮೇಲೆ ಆಪ್ತಸಮಾಲೋಚಕರು ಕೂತು ಮಾತಾಡುತ್ತಾರೆ. ಬಹುಶಃ ಪಿಎಚ್‌ಕ್ಯೂ-9 ಅನ್ನುವ ಒಂಬತ್ತು ಪ್ರಶ್ನೆ ಕೇಳುತ್ತಾರೆ. ಕಳೆದ ಎರಡು ವಾರದ ಬಗ್ಗೆ ಇರುತ್ತದೆ, ಒಟ್ಟು 27 ಅಂಕ, 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಬೇಕು. ನಿದ್ದೆ, ಹಸಿವು, ಸುಸ್ತಿನ ಪ್ರಶ್ನೆಗಳಿಗೆ ಕೀಮೋದಿಂದಲೇ ಅಂಕ ಏರಿಬಿಡುತ್ತದೆ. ಅದಕ್ಕೆ ನಾನು ಉಳಿದ ಪ್ರಶ್ನೆಗಳನ್ನು ಜಾಸ್ತಿ ನೋಡುತ್ತೇನೆ. ಯಾವುದರಲ್ಲೂ ಆಸಕ್ತಿ ಇಲ್ಲವಾ, ನಾನು ಯಾರಿಗೂ ಬೇಡದವನು ಅನ್ನಿಸುತ್ತಿದೆಯಾ, ಕೊನೆಗೆ ಸಾಯುವ ಯೋಚನೆ ಇದೆಯಾ. ಆ ಒಂಬತ್ತನೆಯದಕ್ಕೆ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಅವತ್ತೇ ಮಾತಾಡಬೇಕು, ಒಟ್ಟು ಅಂಕ ಎಷ್ಟೇ ಇರಲಿ. ಒಂದು ಸಲ ತುಂಬಿಸಿದರೆ ಸಾಲದು. ಚಿಕಿತ್ಸೆ ಬದಲಾದಾಗ, ಮುಗಿದಾಗ, ಕಾಯಿಲೆ ಮರಳಿದರೆ ಆಗಲೂ ಕೇಳಬೇಕು. ಚಿಕಿತ್ಸೆ ಮುಗಿದ ಮೇಲೆಯೇ ಕುಸಿಯುವ ಮಕ್ಕಳು ಬಹಳ. ಮನೆಯವರೆಲ್ಲ ಹೋಳಿಗೆ ಮಾಡಿ ಸಂಭ್ರಮಿಸುವ ಹೊತ್ತಿಗೆ ಅವನಿಗೆ, ‘ಇನ್ನು ನನ್ನ ರಕ್ತ ನೋಡುವವರು ಯಾರು’ ಅಂತ ಭಯ.

ಸಣ್ಣ ಸಂಕಟಕ್ಕೆ ಮಾತೇ ಸಾಕು. ನಾಲ್ಕಾರು ಸಲ ಕೂತು ಮಾತಾಡಿದರೆ, ನಿದ್ದೆಯ ಹೊತ್ತು ಸರಿಮಾಡಿಕೊಂಡರೆ, ಓದಿನ ದಾರಿ ಕಂಡರೆ ಅರ್ಧ ಇಳಿಯುತ್ತದೆ. ಈಗ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಪ್ರಿನ್ಸಿಪಾಲರ ಹತ್ತಿರ ಆಸ್ಪತ್ರೆಯ ಪತ್ರ ತೆಗೆದುಕೊಂಡು ಹೋಗಿ ಮಾತಾಡಿ, ಮಗನನ್ನೂ ಕೂರಿಸಿಕೊಂಡು. ಹಾಗೆಯೇ ಚಿಕಿತ್ಸೆ ಮುಗಿಸಿದ ಒಬ್ಬ ಹುಡುಗನ ಜೊತೆ ಅವನನ್ನು ಮಾತಾಡಿಸಿ ಅಂತ ಆಸ್ಪತ್ರೆಯಲ್ಲಿ ಕೇಳಿ. ನಾನು ಒಂದು ಗಂಟೆ ಹೇಳಿದರೂ ಆಗದ್ದು, ಕೂದಲು ಮತ್ತೆ ಬಂದ ಒಬ್ಬ ಹುಡುಗ ಎದುರು ಕೂತರೆ ಆಗುತ್ತದೆ. ಆದರೆ ಯಾರನ್ನು ಅಂತ ಆಸ್ಪತ್ರೆಯವರೇ ಆರಿಸಲಿ. ಆ ಹುಡುಗನಿಗೆ ಕಾಯಿಲೆ ಮರಳಿದರೆ ನಿಮ್ಮ ಮಗನಿಗೆ ಪೆಟ್ಟು ಬೀಳುತ್ತದೆ, ಆಗ ಕೈ ಹಿಡಿಯುವವರು ಇರಬೇಕು.

ಖಿನ್ನತೆ ಗಟ್ಟಿಯಾಗಿದ್ದರೆ ಮಾತ್ರೆ ಬೇಕಾಗಬಹುದು. ಅದು ಚಟ ಹಿಡಿಸುವ ಮಾತ್ರೆ ಅನ್ನುವುದು ತಪ್ಪು ಕಲ್ಪನೆ. ಖಿನ್ನತೆಯ ಮಾತ್ರೆಗೆ ಚಟ ಇಲ್ಲ, ಆದರೆ ಥಟ್ಟನೆ ನಿಲ್ಲಿಸಬಾರದು. ಚಟದ ಭಯ ಇರುವುದು ಆಲ್ಪ್ರಜೋಲಮ್ ಥರದ ನಿದ್ದೆ, ಆತಂಕದ ಮಾತ್ರೆಗಳಲ್ಲಿ. ಅವನ್ನು ಅಂಗಡಿಯಿಂದ ನೀವಾಗಿ ತಂದು ಕೊಡಬೇಡಿ. ಈ ವಯಸ್ಸಿನವರಲ್ಲಿ ಜಾಸ್ತಿ ಅಧ್ಯಯನ ಆಗಿರುವುದು ಫ್ಲೂಯೊಕ್ಸೆಟಿನ್. ಕೆಲಸ ಕಾಣಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಪಾಯಗಳನ್ನೂ ಹೇಳುತ್ತೇನೆ. 25ರ ಒಳಗಿನವರಲ್ಲಿ ಕೆಲವರಿಗೆ ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗಬಹುದು, ಆಗ ಕಣ್ಣಿಟ್ಟಿರಬೇಕು. ಪ್ಲೇಟ್‌ಲೆಟ್ ತುಂಬಾ ಕಡಿಮೆ ಇದ್ದಾಗ ಫ್ಲೂಯೊಕ್ಸೆಟಿನ್ ಗುಂಪಿನ ಮಾತ್ರೆಗಳಿಂದ ರಕ್ತ ಸೋರುವ ಸಾಧ್ಯತೆ ಸ್ವಲ್ಪ ಹೆಚ್ಚು. ಅದೇ ಗುಂಪಿನ ಎಸಿಟಾಲೊಪ್ರಾಮ್ ಕೊಟ್ಟರೆ, ವಾಂತಿಗೆ ಕೊಡುವ ಆಂಡನ್‌ಸೆಟ್ರಾನ್ ಜೊತೆ ಸೇರಿ ಎದೆಬಡಿತ ಏರುಪೇರಾಗಬಹುದು, ಇಸಿಜಿ ನೋಡಬೇಕು. ಸೋಂಕಿಗೆ ಕೊಡುವ ಲಿನೆಜೋಲಿಡ್ ಜೊತೆ ಇವು ಸೇರಬಾರದು. ಇದಕ್ಕೆಲ್ಲ ಹೆದರಿ ಬಿಡುವುದು ಬೇಡ. ಮನೋವೈದ್ಯರೂ ಕ್ಯಾನ್ಸರ್ ಡಾಕ್ಟರೂ ಒಬ್ಬರಿಗೊಬ್ಬರು ಮಾತಾಡಿಕೊಂಡು ಕೊಡಬೇಕು, ಅಷ್ಟೇ. ಊರಿನ ಬೇರೆ ಡಾಕ್ಟರ ಹತ್ತಿರ ಹೋದರೆ ಕೀಮೋ ಫೈಲ್ ತಪ್ಪದೆ ತೋರಿಸಿ.

ನಿಮ್ಮಣ್ಣನ ಭಯ ನನಗೆ ಅರ್ಥವಾಗುತ್ತದೆ. ಊರಲ್ಲಿ ಹೆಸರು ಕೆಡುವ ಭಯ ಸುಳ್ಳಲ್ಲ. ಆದರೆ ನಿಮ್ಮ ಮಗ ಹೋಗುವುದು ಅದೇ ಆಸ್ಪತ್ರೆಯ ಇನ್ನೊಂದು ಕೋಣೆಗೆ, ಬೇರೆ ಬೋರ್ಡಿನ ಕೆಳಗೆ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆ ವಿಷಯವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ. ಅವನಿಗೆ ಇನ್ನೂ 18 ಆಗಿಲ್ಲ, ಹಾಗಾಗಿ ಚಿಕಿತ್ಸೆಗೆ ನಿಮ್ಮ ಒಪ್ಪಿಗೆ ಬೇಕು. ಆದರೆ ಒಪ್ಪಿಗೆ ಕೊಟ್ಟೆವು ಅಂತ ಅವನು ಒಳಗೆ ಆಡಿದ ಮಾತೆಲ್ಲ ನಿಮಗೆ ಬರುವುದಿಲ್ಲ. ನಾನು ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ. ‘ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಅಮ್ಮನಿಗೆ ಹೇಳುತ್ತೇನೆ. ಅದನ್ನೂ ನಿನಗೆ ಹೇಳಿಯೇ ಹೇಳುತ್ತೇನೆ. ಉಳಿದದ್ದು ಇಲ್ಲೇ ಇರುತ್ತದೆ.’ ಆಮೇಲೆಯೇ ಅವರು ಬಾಯಿ ಬಿಡುವುದು. ಅಲ್ಲಿ ಏನು ಮಾತಾಯಿತು ಅಂತ ನಮ್ಮನ್ನು ಒತ್ತಾಯ ಮಾಡದಿದ್ದರೆ ನೀವು ಅವನಿಗೆ ದೊಡ್ಡ ಉಪಕಾರ ಮಾಡಿದ ಹಾಗೆ.

ಮುಂದಿನ ಸಲ ಡೇ ಕೇರ್‌ಗೆ ಹೋದಾಗ ಸಿಸ್ಟರ್ ಹತ್ತಿರ ನೀವೇ ಹೋಗಿ, ಆ ಕಾಗದ ಇನ್ನೊಂದು ಕೊಡಿ ಅಂತ ಕೇಳಿ. ನೀವು ನೋಡಿದ್ದನ್ನೆಲ್ಲ ಎರಡು ನಿಮಿಷದಲ್ಲಿ ಹೇಳಿ: ಟವೆಲ್, ಫೋನ್, ಮಾತ್ರೆ, ಆ ಮಾತು. ಆಮೇಲೆ ಮಗನಿಗೆ ‘ನಾನು ಚಹಾ ಕುಡಿದು ಬರ್ತೀನಿ, ಅರ್ಧ ಗಂಟೆ’ ಅಂತ ಹೇಳಿ ಹೊರಡಿ. ಬಾಗಿಲ ಹತ್ತಿರ ನಿಲ್ಲಬೇಡಿ. ವಾಪಸ್ ಬಂದು ಎಷ್ಟು ಹಾಕಿದೆ ಅಂತ ಕೇಳಬೇಡಿ. ಹೊರಡುವ ಮುಂಚೆ ಸಿಸ್ಟರ್ ಹತ್ತಿರ ಇನ್ನೊಂದು ಕಾಗದ ಕೇಳಿ ಇಸಿದುಕೊಳ್ಳಿ, ಅದು ನಿಮಗೆ. ಕ್ಯಾಂಟೀನಿನಲ್ಲಿ ಕೂತು ತುಂಬಿ. ಅಲ್ಲಿ ಮಗ ನೋಡುವುದಿಲ್ಲ, ಇದ್ದದ್ದನ್ನೇ ಹಾಕಿ. 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದೇ ಕೋಣೆಯಲ್ಲಿ ನಿಮಗೂ ಒಂದು ಕುರ್ಚಿ ಕೇಳಿ.